ಸೋತವರ ಕಾವಲಿ

ಟಾಸ್ಕರ್ ಫಾಲ್ಸ್
ಆಗಸ್ಟ್ 9

ಮಾರ್ಲಾ,

ಈ ಸುದ್ದಿ ನನಗೆ ಎಲ್ಲಿ ಸಿಕ್ಕಿತು ಗೊತ್ತೇ? ಬೆವರ್ಲಿಯ ಪಾರ್ಲರಿನಲ್ಲಿ, ತಲೆ ತುಂಬ ಸುರುಳಿ ಸಿಕ್ಕಿಸಿಕೊಂಡು ಎದ್ದು ಓಡಲೂ ಆಗದೆ ಕೂತಿದ್ದಾಗ. ಟೀವಿಯಲ್ಲಿ ನಿನ್ನ ಮುಖ ಬಂತು. ನೀಲಿ ಕೋಟು, ಹಿಂದೆ ಯಾವುದೋ ಸಮುದ್ರದ ಚಿತ್ರ. ವೆಲ್‌ಬೋರ್ನ್ ವಿಶ್ವವಿದ್ಯಾಲಯ ಮುಂದಿನ ವರ್ಷದಿಂದ ನಾವೆಲ್ಲ ಒಟ್ಟಿಗೆ ಆಡುವ ಪ್ರೇರಿ ಕ್ರೀಡಾ ಕೂಟ ಬಿಟ್ಟು ಸಮುದ್ರದ ಕಡೆಯವರ ಗ್ರ್ಯಾಂಡ್ ಕೋಸ್ಟ್ ಕೂಟ ಸೇರುತ್ತದಂತೆ. ಹಾಗಂತ ಕ್ರೀಡಾ ನಿರ್ದೇಶಕಿ ಮಾರ್ಲಾ ಜೆಲಿನೆಕ್ ತಿಳಿಸಿದ್ದಾರಂತೆ.

ಬೆವರ್ಲಿ ಬಾಚಣಿಗೆ ಕೈಯಲ್ಲೇ ಹಿಡಿದು, "ಆರ್ಡಿತ್, ಇದು ನಿಮ್ಮ ಹುಡುಗಿ ಅಲ್ವಾ? ನಿಮಗೆ ಮೊದ್ಲೇ ಗೊತ್ತಿತ್ತಾ?" ಅಂದಳು.

"ಗೊತ್ತಿತ್ತು ಬಿಡು. ಯಾರಿಗೂ ಹೇಳ್ಬೇಡ ಅಂದಿದ್ಲು," ಅಂದೆ.

ಈ ವಯಸ್ಸಿನಲ್ಲಿ ನಿನಗೋಸ್ಕರ ಸುಳ್ಳು ಹೇಳಿದೆ. ನನ್ನ ಕಿವಿ ಕೆಂಪಗಾದದ್ದು ಕನ್ನಡಿಯಲ್ಲಿ ನನಗೇ ಕಾಣುತ್ತಿತ್ತು. ಪಕ್ಕದ ಕುರ್ಚಿಯವಳಿಗೆ ಕಾಣದೆ ಇರುತ್ತದೆಯೇ?

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು "ಒಂದ್ನಿಮಿಷ ಅಮ್ಮ" ಅಂದು ಬೇರೆ ಕರೆ ತೆಗೆದುಕೊಳ್ಳುತ್ತೀ, ನಾನು ಅಲ್ಲಿಯ ತನಕ ನಿಮ್ಮ ವೆಲ್‌ಬೋರ್ನಿನ ಗೆಲುವಿನ ಹಾಡು ಕೇಳಿಕೊಂಡು ಕೂರಬೇಕು. ಟಾಸ್ಕರಿನಲ್ಲಿ ಹುಟ್ಟಿದವಳಿಗೆ ಅದಕ್ಕಿಂತ ಶಿಕ್ಷೆ ಬೇಕೇ? ಕಾಗದದಲ್ಲಾದರೆ ನನ್ನ ಮಾತು ಪೂರ್ತಿ ಮುಗಿಯುತ್ತದೆ.

ಹಣದ ವಿಷಯ ನನಗೆ ತಿಳಿಯುವುದಿಲ್ಲ, ಕೇಳುವುದೂ ಇಲ್ಲ. ನಾನು ಕೇಳುವುದು ಒಂದೇ. ನದಿ ಪಂದ್ಯದ ಗತಿ ಏನು? ನೀನು ದೊಡ್ಡ ಮನುಷ್ಯಳಾಗಿ ಮರೆತಿರಬಹುದು ಅಂತ ನೆನಪಿಸುತ್ತೇನೆ. ನವೆಂಬರ್ ಕೊನೆಯ ಶನಿವಾರ ನಿಮಗೂ ನಮ್ಮ ಟಾಸ್ಕರ್ ಸ್ಟೇಟಿಗೂ ಫುಟ್‌ಬಾಲ್ ಆಟ. ಭಾನುವಾರ ಬೆಳಿಗ್ಗೆ ಸೋತವರು ತಮ್ಮ ಕಾವಲಿ, ತಮ್ಮ ಹಿಟ್ಟು, ತಮ್ಮ ತಟ್ಟೆ ಹೊತ್ತುಕೊಂಡು ನದಿ ದಾಟಿ ಹೋಗಿ ಗೆದ್ದವರಿಗೆ ಪ್ಯಾನ್‌ಕೇಕ್ ಹುಯ್ದು ಬಡಿಸಬೇಕು. ತಿಂದಾದ ಮೇಲೆ ಗೆದ್ದವರು ಅಂಗಿಯ ತೋಳು ಮಡಚಿ ಪಾತ್ರೆ ತೊಳೆಯಬೇಕು. ಕುಲಪತಿಯಾದರೂ ಸರಿ, ಬ್ಯಾಂಡಿನಲ್ಲಿ ಡೋಲು ಬಾರಿಸುವವನಾದರೂ ಸರಿ. ಹಿಮದಲ್ಲಿ ರೈಲು ಸಿಕ್ಕಿಕೊಂಡು ಎರಡು ತಂಡವೂ ಒಂದೇ ಶಾಲೆಯಲ್ಲಿ ಮಲಗಿದ ವರ್ಷದಿಂದ ಇದು ನಡೆದು ಬಂದಿದೆ. ನಿನ್ನ ಅಜ್ಜ ಬೇಯಿಸಿದ್ದಾನೆ, ತೊಳೆದಿದ್ದಾನೆ. ನಿನ್ನ ಅಪ್ಪ ತೊಳೆದದ್ದಕ್ಕಿಂತ ಬೇಯಿಸಿದ್ದೇ ಹೆಚ್ಚು, ಪಾಪ.

ಈ ನವೆಂಬರ್ ಕೊನೆಯದಾದರೆ ಹಾಗಂತ ಬಾಯಿ ಬಿಟ್ಟು ಹೇಳು. ಪಾರ್ಲರಿನಲ್ಲಿ ತಿಳಿಯುವ ಹಾಗೆ ಮಾಡಬೇಡ.

ನಿನ್ನ ಅಮ್ಮ,
ಆರ್ಡಿತ್

*

ವೆಲ್‌ಬೋರ್ನ್
ಆಗಸ್ಟ್ 27

ಅಮ್ಮ,

ನಿನ್ನ ಕಾಗದವನ್ನು ಆಫೀಸಿನ ಬಾಗಿಲು ಹಾಕಿಕೊಂಡು ಎರಡು ಸಲ ಓದಿದೆ. ತಪ್ಪು ನನ್ನದೇ. ಸಹಿ ಬೀಳುವ ತನಕ ಯಾರ ಹತ್ತಿರವೂ ಬಾಯಿ ಬಿಡುವಂತಿರಲಿಲ್ಲ. ಆದರೆ ಸಹಿ ಬಿದ್ದ ಮೇಲೆ ಟೀವಿಯವರು ಬರುವ ಮೊದಲು ನಿನಗೆ ಹೇಳಲು ಸಮಯ ಇತ್ತು. ಹೇಳಲಿಲ್ಲ. ನೀನು ಏನನ್ನುತ್ತೀಯೋ ಅಂತ ಹೆದರಿದೆ.

ಹಣದ ವಿಷಯ ಬೇಡ ಅಂದೆ, ಆದರೂ ಕೇಳು. ಹೋದ ಬೇಸಿಗೆಯಲ್ಲಿ ಪ್ರೇರಿ ಕೂಟದ ಎರಡು ದೊಡ್ಡ ವಿಶ್ವವಿದ್ಯಾಲಯಗಳು ಸದ್ದಿಲ್ಲದೆ ಜಾಗ ಖಾಲಿ ಮಾಡಿದವು. ಅವತ್ತಿನಿಂದ ಎಲ್ಲರದೂ ಸಂಗೀತ ಕುರ್ಚಿ ಆಟ. ಹಾಡು ನಿಂತಾಗ ನಿಂತೇ ಉಳಿದವರನ್ನು ಟೀವಿಯವರು ಮೂಸಿಯೂ ನೋಡುವುದಿಲ್ಲ. ಗ್ರ್ಯಾಂಡ್ ಕೋಸ್ಟಿನವರು ಒಂದು ವರ್ಷಕ್ಕೆ ಕೊಡುವುದನ್ನು ಹಳೆಯ ಕೂಟ ಹತ್ತು ವರ್ಷಕ್ಕೂ ಕೊಡುತ್ತಿರಲಿಲ್ಲ. ಆ ಹಣ ಬರದಿದ್ದರೆ ನಮ್ಮ ಕುಸ್ತಿ ತಂಡ ಇಲ್ಲ, ಈಜು ತಂಡ ಇಲ್ಲ. ಆ ಮಕ್ಕಳನ್ನು ಕೂರಿಸಿಕೊಂಡು "ನಿಮ್ಮ ಆಟ ಮುಗೀತು" ಅಂತ ಹೇಳಬೇಕಾದವಳು ನಾನು. ಕುರ್ಚಿ ಕಂಡಿತು, ಕೂತುಬಿಟ್ಟೆ.

ನದಿ ಪಂದ್ಯ ಈ ವರ್ಷ ಇದೆ. ಮುಂದಿನ ವರ್ಷ ನಮ್ಮ ಪಟ್ಟಿಯಲ್ಲಿ ಜಾಗ ಇಲ್ಲ. ಆಮೇಲೆ ನೋಡೋಣ ಅಂತ ಕುಲಪತಿಗಳು ಹೇಳುತ್ತಾರೆ. ಆ ಮಾತಿನ ಅರ್ಥ ನಿನಗೂ ಗೊತ್ತು, ನನಗೂ ಗೊತ್ತು.

ಆದರೆ ಈ ಸಲದ ಉಪಾಹಾರಕ್ಕೆ ಏನೂ ತೊಂದರೆ ಬರುವುದಿಲ್ಲ. ನಾವು ಗೆದ್ದರೆ ನಮ್ಮ ದೊಡ್ಡ ಹಾಲಿನ ಬಾಗಿಲು ನಾನೇ ತೆರೆದು ನಿಂತಿರುತ್ತೇನೆ, ತಟ್ಟೆಯನ್ನೂ ನಾನೇ ತೊಳೆಯುತ್ತೇನೆ. ನೀವು ಗೆದ್ದರೆ ನಿನ್ನ ಎದುರು ಸಟ್ಟುಗ ಹಿಡಿಯುತ್ತೇನೆ, ನೀನು ಹೊಟ್ಟೆ ತುಂಬ ನಗಬಹುದು. ಇದು ನನ್ನ ಮಾತು.

ಪ್ರೀತಿಯ,
ಮಾರ್ಲಾ

*

ಟಾಸ್ಕರ್ ಫಾಲ್ಸ್
ಅಕ್ಟೋಬರ್ 4

ಮಗಳೇ,

ನಿನ್ನ ಮಾತನ್ನು ನಂಬಿದ್ದೇನೆ. ಫ್ರಿಜ್ಜಿನ ಬಾಗಿಲಿಗೆ ಆ ಕಾಗದ ಅಂಟಿಸಿದ್ದೇನೆ, ಬಂದವರೆಲ್ಲ ಓದಲಿ ಅಂತ.

ಡ್ವೇನ್ ಕೋಪೆಟ್ಸ್ಕಿ ಫೋನ್ ಮಾಡಿದ್ದ. ನಿಮ್ಮೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದನಲ್ಲ, ಅವನೇ. ನೀವು ಗೆದ್ದ ವರ್ಷವೆಲ್ಲ ನನ್ನ ಪಕ್ಕ ನಿಂತು ತೊಳೆದವನು, ನಾವು ಗೆದ್ದ ವರ್ಷವೆಲ್ಲ ನನ್ನ ತಟ್ಟೆಗೆ ಬೇಕಂತಲೇ ಸೀದ ಪ್ಯಾನ್‌ಕೇಕ್ ಹಾಕಿದವನು.

"ಆರ್ಡಿತ್, ಕೊನೇ ಸಲ ಕಣಮ್ಮ. ಸೋತು ಬಾ. ನಿನ್ನ ಕೈ ತಿಂಡಿ ತಿಂದು ಸಾಯ್ತೀನಿ," ಅಂದ.

"ನೀನು ಸಾಯೋದಾದ್ರೆ ಗೆದ್ದೇ ಸಾಯ್ಸ್ತೀನಿ ಬಿಡು," ಅಂದೆ. ಇಬ್ಬರೂ ನಕ್ಕೆವು. ಹವಾಮಾನದ ಮಾತಾಡಿ ಫೋನ್ ಇಟ್ಟೆವು.

ಇಲ್ಲಿಯ ಸುದ್ದಿ ಕೇಳಬೇಕೋ ಬೇಡವೋ ನಿನಗೆ ಬಿಟ್ಟದ್ದು. ನೀವು ಹೊರಟಿರಿ ಅಂತ ತಿಳಿದ ಕೂಡಲೇ ಇನ್ನೂ ಮೂರು ಕಾಲೇಜು ಹೊರಟವು. ಪ್ರೇರಿ ಕೂಟ ಈಗ ಹಲ್ಲು ಬಿದ್ದ ಬಾಯಿ, ಟೀವಿಯ ಹಣವೂ ಇಲ್ಲ. ವಸಂತ ಕಳೆದ ಮೇಲೆ ಟಾಸ್ಕರ್ ಸ್ಟೇಟಿನಲ್ಲಿ ಹುಡುಗಿಯರ ಓಟದ ತಂಡ ಇರುವುದಿಲ್ಲ. ಹೌದು, ನೀನು ಓಡಿದ ತಂಡವೇ. ಆ ಓಟದಿಂದಲೇ ನಿನಗೆ ಶುಲ್ಕವಿಲ್ಲದೆ ಓದು ಸಿಕ್ಕಿತು, ಆ ಓದಿನಿಂದಲೇ ಆ ನೀಲಿ ಕೋಟು. ನಿನ್ನ ಕೋಚ್ ಲೊರೇನ್ ಅಂಗಡಿಯಲ್ಲಿ ಸಿಕ್ಕಿದ್ದಳು. "ಮಾರ್ಲಾನ್ನ ಕೇಳ್ದೆ ಅಂತ ಹೇಳಿ," ಅಂದಳು. ಅಷ್ಟೇ ಅಂದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ನಾನು ಬಟಾಣಿ ಡಬ್ಬಿ ನೋಡುವವಳ ಹಾಗೆ ಬಗ್ಗಿ ನಿಂತೆ.

ನಿನ್ನನ್ನು ದೂರುತ್ತಿಲ್ಲ. ನೀನಲ್ಲದಿದ್ದರೆ ಇನ್ನೊಬ್ಬರು ಸಹಿ ಹಾಕುತ್ತಿದ್ದರು, ಅದು ನನಗೂ ಗೊತ್ತು. ಆದರೆ ಆ ಇನ್ನೊಬ್ಬರ ಅಮ್ಮ ನಾನಾಗಿರುತ್ತಿರಲಿಲ್ಲ.

ಅಪ್ಪನ ಏಪ್ರನ್ ಒಗೆದು ಇಟ್ಟಿದ್ದೇನೆ. ಎದೆಯ ಮೇಲೆ "ಸೋತವನು" ಅಂತ ಇದೆಯಲ್ಲ, ಆ ಅಕ್ಷರ ಮಾಸಿದೆ. ಬದುಕಿದ್ದಾಗ ಅವನು ಅಷ್ಟು ಸಲ ಕಟ್ಟಿಕೊಂಡಿದ್ದ.

ನಿನ್ನ ಅಮ್ಮ

*

ವೆಲ್‌ಬೋರ್ನ್
ನವೆಂಬರ್ 12

ಅಮ್ಮ,

ಅವಸರದಲ್ಲಿ ಬರೆಯುತ್ತಿದ್ದೇನೆ. ಟೀವಿಯವರು ಆಟವನ್ನು ಶನಿವಾರದಿಂದ ಶುಕ್ರವಾರಕ್ಕೆ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನಕ್ಕೆ, ಹಾಕಿದ್ದಾರೆ. ಶನಿವಾರ ಅವರಿಗೆ ಬೇರೆ ಆಟ ಇದೆಯಂತೆ.

ಇನ್ನೊಂದು ವಿಷಯ. ಗ್ರ್ಯಾಂಡ್ ಕೋಸ್ಟಿನ ಮುಖ್ಯಸ್ಥರು, ಪ್ರೆಸ್ಕಾಟ್ ಅಂತ, ಆಟ ನೋಡಲು ಬರುತ್ತಿದ್ದಾರೆ. ಜೊತೆಗೆ ಟೀವಿಯವರು. ಶನಿವಾರ ಅವರಿಗೆ ಕ್ರೀಡಾಂಗಣ ತೋರಿಸಬೇಕು. ಭಾನುವಾರ ಬೆಳಿಗ್ಗೆ ದೊಡ್ಡ ಹಾಲಿನಲ್ಲಿ ಅವರ ಸಭೆ. ಹಾಗಾಗಿ ನಾವು ಗೆದ್ದರೆ ಉಪಾಹಾರವನ್ನು ಶನಿವಾರಕ್ಕೆ ಇಟ್ಟುಕೊಳ್ಳಬಹುದೇ? ಅಥವಾ ಈ ಸಲ ಮನೆಯಲ್ಲೇ ಬೇಯಿಸಿದ ಸಿಹಿ ಬನ್ನು, ಬರೀ ಕೋಲಾಚಿ, ತಂದು ಕೊಟ್ಟರೂ ಸಾಕಲ್ಲವೇ? ನಿನ್ನ ಒಣದ್ರಾಕ್ಷಿ ಕೋಲಾಚಿ ಅಂದರೆ ಇಲ್ಲಿ ಎಲ್ಲರಿಗೂ ಪ್ರಾಣ. ಕಾವಲಿ, ಹೊಗೆ, ಅಷ್ಟೊಂದು ಜನ, ಇದೆಲ್ಲ ಹೊಸಬರಿಗೆ ವಿಚಿತ್ರ ಅನ್ನಿಸಬಹುದು.

ಮಾರ್ಲಾ

*

ಟಾಸ್ಕರ್ ಫಾಲ್ಸ್
ನವೆಂಬರ್ 16

ಮಾರ್ಲಾ,

ಆಟ ಶುಕ್ರವಾರವಾಗಲಿ, ಸೋಮವಾರವಾಗಲಿ, ಉಪಾಹಾರ ಭಾನುವಾರವೇ. ಚರ್ಚಿನ ಬೆಳಗಿನ ಪೂಜೆ ಮುಗಿಸಿ ಬರುತ್ತೇವೆ. ವಿಚಿತ್ರ ಅನ್ನಿಸಿದವರು ತಟ್ಟೆ ಹಿಡಿಯಲಿ, ತಿಂದ ಮೇಲೆ ಅನ್ನಿಸುವುದಿಲ್ಲ.

ನಾವೇ ಗೆದ್ದರೆ ನಿನ್ನ ಆ ದೊಡ್ಡ ಹಾಲ್‌ನ ತಾಪತ್ರಯವೇ ಇಲ್ಲ. ಅದಕ್ಕೇ ದಿನಾ ಪ್ರಾರ್ಥನೆ ಮಾಡುತ್ತಿದ್ದೇನೆ. ನಮ್ಮ ಹುಡುಗರ ಆಟ ನೋಡಿದರೆ ದೇವರಿಗೂ ಕಷ್ಟವೇ.

ಅಮ್ಮ

*

ಟಾಸ್ಕರ್ ಫಾಲ್ಸ್
ಡಿಸೆಂಬರ್ 3

ಮಾರ್ಲಾ,

ನೀನು ಬರೆಯುತ್ತೀಯೆಂದು ಕಾದೆ. ಬರೆಯಲಿಲ್ಲ. ನಾನೇ ಬರೆಯುತ್ತೇನೆ.

ಸೋತೆವು. ಕೊನೆಯ ಒದೆತ ಕಂಬಕ್ಕೆ ಬಡಿದು ಆಚೆ ಬಿತ್ತು. ಹುಡುಗ ಹೆಲ್ಮೆಟ್ ತೆಗೆಯದೆ ಮೈದಾನದಲ್ಲೇ ಕೂತುಬಿಟ್ಟ. ಸೋಲಿಗೆ ನಾನು ಅಳುವುದಿಲ್ಲ, ಅದು ನಮಗೆ ಅಭ್ಯಾಸ. ಶನಿವಾರವೆಲ್ಲ ಹಿಟ್ಟು ಅಳೆದೆವು, ಸಾಸೇಜು ಕಟ್ಟಿದೆವು. ಭಾನುವಾರ ಒಂದು ಹನ್ನೆರಡು ಜನ ನದಿ ದಾಟಿ ಬಂದೆವು. ನಿನ್ನ ಉತ್ತರ ಬಂದಿರಲಿಲ್ಲ. ಉತ್ತರ ಇಲ್ಲ ಅಂದರೆ ಆಗಬಹುದು ಅಂತ ಅರ್ಥ ಅಂದುಕೊಂಡೆ. ನಮ್ಮಲ್ಲಿ ಹಾಗೆಯೇ.

ದೊಡ್ಡ ಹಾಲ್‌ನ ಮುಂದೆ ಕಾವಲುಗಾರ ನಿಂತಿದ್ದ. ಹೊಸಬ. ಡ್ವೇನ್ ಮತ್ತು ನಿಮ್ಮೂರಿನ ಹಳೆಯ ಜನ ಒಂದಷ್ಟು ಮಂದಿ ಚಳಿಯಲ್ಲಿ ಹೊರಗೇ ನಿಂತಿದ್ದರು. ಪಾಸ್ ಇಲ್ಲ ಅಂತ ಅವರನ್ನೂ ಬಿಟ್ಟಿರಲಿಲ್ಲ.

"ನೀವು ಯಾರಮ್ಮ?" ಅಂದ ಕಾವಲಿನವನು.

"ಸೋತವರು," ಅಂದೆ.

ಅವನಿಗೆ ಅರ್ಥವಾಗಲಿಲ್ಲ. ಹೆಗಲ ಮೇಲಿನ ವೈರ್‌ಲೆಸ್ ಒತ್ತಿ, "ಮೇಡಂ, ಇಲ್ಲಿ ಒಂದಷ್ಟು ವಯಸ್ಸಾದವರು ಪಾತ್ರೆ ಹಿಡ್ಕೊಂಡು ಬಂದಿದ್ದಾರೆ, ಏನ್ಮಾಡ್ಲಿ?" ಅಂದ.

ಆ ಪೆಟ್ಟಿಗೆಯೊಳಗಿಂದ ನಿನ್ನ ದನಿ ಬಂತು. ಹನ್ನೆರಡು ಜನಕ್ಕೂ ಕೇಳಿಸಿತು. ಹಿಂದಿನಿಂದ ಯಾವನೋ "ಯಾರದು?" ಅಂತ ಕೇಳಿದ್ದೂ ಕೇಳಿಸಿತು. ನೀನು ಅವನಿಗೆ, "ಏನಿಲ್ಲ, ಅಡುಗೆಯವರು," ಅಂದೆ. ಆಮೇಲೆ ಇವನಿಗೆ, "ಹಿಂದಿನ ಬಾಗಿಲಿಗೆ ಕಳಿಸಿ," ಅಂದೆ.

ನಾನು ಡ್ವೇನ್‌ನ ಕಡೆ ನೋಡಲಿಲ್ಲ. ಅವನೂ ನನ್ನ ಕಡೆ ನೋಡಲಿಲ್ಲ, ಬೂಟಿನಲ್ಲಿ ಹಿಮ ಕೆರೆಯುತ್ತಿದ್ದ. ವಾಪಸ್ ಹೋಗೋಣ ಅಂತ ಒಬ್ಬಳು ಪಿಸುಗುಟ್ಟಿದಳು. ನಾನೇ ಬೇಡ ಅಂದೆ. ಸೋತವರು ಬಡಿಸಬೇಕು. ಎದುರಿಗೆ ಕೂತವರ ಯೋಗ್ಯತೆ ನೋಡಿ ಬಡಿಸುವ ಪದ್ಧತಿ ನಮ್ಮಲ್ಲಿಲ್ಲ. ಕಸದ ಡಬ್ಬಿಗಳ ಪಕ್ಕದಿಂದ ಒಳಗೆ ಹೋಗಿ ಕಾವಲಿ ಇಟ್ಟೆವು.

ಆ ಕೋಟಿನವರಿಗೆ ಬಿಸಿ ಬಿಸಿ ಹುಯ್ದು ಕೊಟ್ಟೆವು. ಚೆನ್ನಾಗಿ ತಿಂದರು, ಅದರಲ್ಲಿ ಸುಳ್ಳಿಲ್ಲ. ನಾನು ಕಟ್ಟಿಕೊಂಡಿದ್ದ ಅಪ್ಪನ ಏಪ್ರನ್ ನೋಡಿ ಆ ಪ್ರೆಸ್ಕಾಟ್ "ತಮಾಷೆಯಾಗಿದೆ, ಎಲ್ಲಿ ಸಿಗುತ್ತೆ ಇದು?" ಅಂತ ಕೇಳಿದ. ನೀನು ಅವನ ಪಕ್ಕದಲ್ಲಿ ಕೂತಿದ್ದೆ. ನಿನ್ನ ತಟ್ಟೆಗೂ ನಾನೇ ಹಾಕಿದೆ. ಚಿಕ್ಕಂದಿನಿಂದ ನಿನಗೆ ಇಷ್ಟವಾದ ಹಾಗೆ ಅಂಚು ಗರಿಗರಿಯಾಗಿ ಬೇಯಿಸಿ ಹಾಕಿದೆ. ನೀನು ತಲೆ ಎತ್ತದೆ "ಥ್ಯಾಂಕ್ಸ್" ಅಂದೆ. ಹೋಟೆಲಿನಲ್ಲಿ ಅಂದ ಹಾಗೆ.

ತಿಂದಾದ ಮೇಲೆ ಎಲ್ಲರೂ ಎದ್ದು ಮೇಲಿನ ಮಹಡಿಗೆ ಹೋದಿರಿ. ನಾವು ನಿಂತೇ ಇದ್ದೆವು. ಯಾರಾದರೂ ತೋಳು ಮಡಚುತ್ತಾರೇನೋ ಅಂತ, ನೋಡು ನಮ್ಮ ಹುಚ್ಚು. ಅಡುಗೆಮನೆಯ ಹುಡುಗಿಯೊಬ್ಬಳು, "ನಿಮ್ಮ ಸಾಮಾನು ಬೇಗ ತಗೊಂಡ್ಹೋಗಿ, ಮುಂದಿನ ಕಾರ್ಯಕ್ರಮಕ್ಕೆ ಮೇಜು ಬೇಕು," ಅಂದಳು. ಅವಳ ತಪ್ಪೇನೂ ಇಲ್ಲ. ಅಂಟು ಅಂಟು ತಟ್ಟೆಗಳನ್ನು ಪೆಟ್ಟಿಗೆಗೆ ತುಂಬಿಕೊಂಡು ಬಂದೆವು.

ಪ್ರೆಸ್ಕಾಟ್‌ನ ತಟ್ಟೆಯ ಕೆಳಗೆ ಇಪ್ಪತ್ತು ಡಾಲರಿನ ನೋಟು ಇತ್ತು. ಟಿಪ್ಸು. ಈ ಕಾಗದದ ಜೊತೆ ಇಟ್ಟಿದ್ದೇನೆ. ನಿಮ್ಮವರದ್ದು, ನೀನೇ ಇಟ್ಟುಕೊ.

ನನಗೆ ನಿನ್ನ ಮೇಲೆ ಕೋಪ ಇದ್ದಿದ್ದರೆ ಚೆನ್ನಾಗಿತ್ತು. ಕೋಪವಲ್ಲ, ನಾಚಿಕೆ. ಊರಿನವರ ಮುಂದೆ ನಾಚಿಕೆ, ಡ್ವೇನ್‌ನ ಮುಂದೆ ನಾಚಿಕೆ, ಆ ಏಪ್ರನ್ನಿನ ಮುಂದೂ ನಾಚಿಕೆ. ಅಡುಗೆಯವಳು ಅನ್ನಿಸಿಕೊಳ್ಳುವುದು ಅವಮಾನವಲ್ಲ, ಶಾಲೆಯ ಅಡುಗೆಮನೆಯಲ್ಲಿ ದುಡಿದೇ ನಿನ್ನನ್ನು ಸಾಕಿದ್ದೇನೆ. ನನ್ನ ಮಗಳಿಗೆ ನಾನು ಯಾರು ಅಂತ ಹೇಳಲು ಬಾಯಿ ಬರಲಿಲ್ಲ ಅನ್ನುವುದು ಅವಮಾನ.

ಸದ್ಯಕ್ಕೆ ಬರಬೇಡ. ಕ್ರಿಸ್‌ಮಸ್‌ಗೆ ನಾನು ತಂಗಿಯ ಮನೆಗೆ ಹೋಗುತ್ತೇನೆ.

ಆರ್ಡಿತ್

*

ವೆಲ್‌ಬೋರ್ನ್
ಡಿಸೆಂಬರ್ 20

ಅಮ್ಮ,

ಹೇಗೆ ಶುರು ಮಾಡಲಿ ತಿಳಿಯುತ್ತಿಲ್ಲ. ಅವತ್ತು ನನ್ನ ಪರಿಸ್ಥಿತಿ ಬೇರೆ ಇತ್ತು. ಟೀವಿಯವರ ಜೊತೆ ಕೊನೆಯ ಕ್ಷಣದ ಮಾತು ನಡೆಯುತ್ತಿತ್ತು. ಪ್ರೆಸ್ಕಾಟ್‌ಗೆ ಎಲ್ಲ ವಿವರಿಸುತ್ತಾ ಕೂರಲು ಆಗುತ್ತಿರಲಿಲ್ಲ. ಕಾವಲಿನವನಿಗೆ ಮೊದಲೇ ಹೇಳಿಡಬೇಕಿತ್ತು, ಆ ವಾರ ತಲೆಗೆ ಸಾವಿರ ಕೆಲಸ. ನೀನು ಅರ್ಥ ಮಾಡಿಕೊಳ್ಳುತ್ತೀ ಅಂದುಕೊಂಡಿದ್ದೆ.

ಕ್ಷಮಿಸು.

ಮಾರ್ಲಾ

*

ವೆಲ್‌ಬೋರ್ನ್
ಮಾರ್ಚ್ 18

ಅಮ್ಮ,

ನೀನು ಉತ್ತರ ಬರೆಯಲಿಲ್ಲ. ಬರೆಯದಿದ್ದದ್ದೇ ಸರಿ. ಡಿಸೆಂಬರಿನಲ್ಲಿ ನಾನು ಕಳಿಸಿದ್ದು ಕಾಗದವಲ್ಲ, ಪತ್ರಿಕಾ ಹೇಳಿಕೆ.

ನಿಜ ಹೇಳುತ್ತೇನೆ. ನೀವು ಬರುತ್ತೀರಿ ಅಂತ ನನಗೆ ಗೊತ್ತಿತ್ತು. ಹಾಲಿನ ಕಿಟಕಿಯಿಂದ ನಿನ್ನ ಕಂದು ಕೋಟು ಕಂಡಿತ್ತು. ನೀನು ಕಾವಲಿಯನ್ನು ಮಗುವಿನ ಹಾಗೆ ಎದೆಗೆ ಅವಚಿಕೊಂಡು ಬರುತ್ತಿದ್ದೆ. ಎದ್ದು ಬಂದು ಬಾಗಿಲು ತೆರೆಯಬಹುದಿತ್ತು. ಪ್ರೆಸ್ಕಾಟ್ "ಯಾರದು?" ಅಂದಾಗ ನನಗೆ ಎಲ್ಲವೂ ಅವನ ಕಣ್ಣಿನಿಂದ ಕಂಡುಬಿಟ್ಟಿತು. ಹಳೆಯ ಕೋಟುಗಳು, ಮಸಿ ಹಿಡಿದ ಪಾತ್ರೆ, ಪಿಕಪ್ ಟ್ರಕ್ಕಿನ ಮೇಲಿನ ಕೆಸರು. ಇಂಥ ಕಡೆಯಿಂದ ಬಂದವರನ್ನೇ ನಾವು ಸೇರಿಸಿಕೊಂಡೆವಾ ಅಂತ ಅವನಿಗೆ ಅನ್ನಿಸೀತು ಅಂತ ಹೆದರಿದೆ. ನಿನ್ನನ್ನು ಕಂಡು ನಾಚಿಕೊಂಡೆ ಅಮ್ಮ. ಆ ಪ್ಯಾನ್‌ಕೇಕಿನ ಅಂಚು ನೋಡಿದೆ, ಗರಿಗರಿಯಾಗಿತ್ತು. ತಲೆ ಎತ್ತದೆ ನುಂಗಿದೆ, ಪಕ್ಕದಲ್ಲಿ ಅವನು ಕೂತಿದ್ದನಲ್ಲ.

ಆ ನೋಟು ನನ್ನ ಮೇಜಿನ ಡ್ರಾದಲ್ಲಿತ್ತು. ಪೆನ್ನು ಹುಡುಕುವಾಗಲೆಲ್ಲ ಕೈಗೆ ತಾಗುತ್ತಿತ್ತು. ಹೋದ ವಾರ ಹೊಸ ಕೂಟದ ಸಭೆಗೆ ಹೋಗಿದ್ದೆ. ಸಭೆಗೆ ಮೊದಲು ಪ್ರೆಸ್ಕಾಟ್‌ನ ಮುಂದೆ ಅದನ್ನು ಇಟ್ಟೆ.

"ಏನಿದು?" ಅಂದ.

"ನವೆಂಬರಿನಲ್ಲಿ ನೀವು ಬಿಟ್ಟಿದ್ದ ಟಿಪ್ಸು. ವಾಪಸ್ ಕಳಿಸಿದ್ದಾರೆ."

"ಅಯ್ಯೋ, ಯಾಕೆ? ಎಂಥಾ ತಿಂಡಿ ಅದು! ಮುಂದಿನ ವರ್ಷಾನೂ ಅವರನ್ನೇ ಕರೆಸಿ. ಯಾರು ಅವರು?"

"ನನ್ನ ಅಮ್ಮ," ಅಂದೆ. "ಏಪ್ರನ್ ನನ್ನ ಅಪ್ಪಂದು."

ಅವನ ಮುಖ ಕೆಂಪಾಯಿತು. "ಅವತ್ತೇ ಹೇಳ್ಬೇಕಿತ್ತು ನೀವು," ಅಂದ, ಮೆತ್ತಗೆ. ಅವನು ಕೆಟ್ಟವನಲ್ಲ ಅಮ್ಮ. ಹೇಳಿದ್ದರೆ ಅವನು ಎದ್ದು ನಿಂತು ನಿನ್ನ ಕೈ ಕುಲುಕುತ್ತಿದ್ದ, ಪಾತ್ರೆಯನ್ನೂ ತೊಳೆಯುತ್ತಿದ್ದನೇನೋ. ಅದೇ ನನ್ನನ್ನು ಹೆಚ್ಚು ಸುಡುತ್ತಿದೆ. ಯಾರೂ ನನ್ನನ್ನು ಬಲವಂತ ಮಾಡಿರಲಿಲ್ಲ. ಆಮೇಲೆ ಯಾರೋ ವಿಮಾನದ ಖರ್ಚಿನ ಮಾತೆತ್ತಿದರು, ಸಭೆ ಮುಂದುವರಿಯಿತು.

ಇನ್ನೊಂದು ಹೇಳಿಬಿಡುತ್ತೇನೆ, ನೀನು ಹೇಗೂ ಪಾರ್ಲರಿನಲ್ಲಿ ಕೇಳುತ್ತೀ. ಕುಸ್ತಿ ತಂಡ ಉಳಿಯಲಿಲ್ಲ. ಹೊಸ ಹಣ ಬರುವ ಮೊದಲೇ ಫುಟ್‌ಬಾಲ್ ಕೋಚ್‌ಗೂ ಹೊಸ ಗಾಜಿನ ಕಟ್ಟಡಕ್ಕೂ ಮಾತು ಕೊಟ್ಟು ಆಗಿತ್ತು. ಆ ಹುಡುಗರನ್ನು ಕೂರಿಸಿಕೊಂಡು "ನಿಮ್ಮ ಆಟ ಮುಗೀತು" ಅಂತ ನಾನೇ ಹೇಳಿದೆ. ಅವರನ್ನು ಉಳಿಸಲಿಕ್ಕೆಂದೇ ಸಹಿ ಹಾಕಿದೆ ಅಂತ ನಿನಗೆ ಬರೆದಿದ್ದೆ. ಆ ಕಾಗದ ಇನ್ನೂ ಫ್ರಿಜ್ಜಿನ ಮೇಲಿದ್ದರೆ ದಯವಿಟ್ಟು ತೆಗೆದುಬಿಡು.

ಉತ್ತರ ಬರೆಯಲೇಬೇಕು ಅಂತಿಲ್ಲ.

ಮಾರ್ಲಾ

*

ಟಾಸ್ಕರ್ ಫಾಲ್ಸ್
ಜೂನ್ 22

ಮಾರ್ಲಾ,

ಕಾಗದ ಇನ್ನೂ ಫ್ರಿಜ್ಜಿನ ಮೇಲಿದೆ. ತೆಗೆಯುವುದಿಲ್ಲ. ಅದರಲ್ಲಿ "ತಟ್ಟೆಯನ್ನೂ ನಾನೇ ತೊಳೆಯುತ್ತೇನೆ" ಅಂತ ನಿನ್ನ ಕೈಬರಹದಲ್ಲಿದೆ.

ಮಾರ್ಚ್ ಕಾಗದ ಒಂದೇ ಸಲ ಓದಿದೆ. ಎರಡನೇ ಸಲ ಓದುವ ಧೈರ್ಯ ಇರಲಿಲ್ಲ. ನೀನು ನನ್ನನ್ನು ಕಂಡು ನಾಚಿಕೊಂಡದ್ದನ್ನು ಹಾಗೇ ಬರೆದೆಯಲ್ಲ, ಅದು ನೋಯಿಸಿತು. ಆದರೆ ಡಿಸೆಂಬರಿನದಕ್ಕಿಂತ ಕಡಿಮೆ. ಸುಳ್ಳು ನುಂಗುವುದು ನನಗೆ ಇನ್ನೂ ಕಷ್ಟ.

ಏಪ್ರಿಲಿನಲ್ಲಿ ಡ್ವೇನ್ ಬಂದಿದ್ದ. ಕೈಯಲ್ಲಿ ಸೋಪಿನ ಪುಡಿ, ತಂತಿಯ ಉಜ್ಜುಗ.

"ಆರ್ಡಿತ್, ನಾವು ಗೆದ್ದವರು. ತೊಳೀಬೇಕಾದ್ದು ನಮ್ಮ ಕೆಲಸ. ನಿದ್ದೆ ಬರ್ತಿಲ್ಲ ನಂಗೆ. ಏನಾದ್ರೂ ಕೊಡು ತೊಳೀತೀನಿ," ಅಂದ.

ತಟ್ಟೆಗಳನ್ನೆಲ್ಲ ನಾವೇ ತೊಳೆದು ಆಗಿತ್ತು. ಕಾವಲಿ ಮಾತ್ರ ಗ್ಯಾರೇಜಿನಲ್ಲಿ ಅವತ್ತು ತಂದಿಟ್ಟ ಹಾಗೇ ಇದೆ. ಹಿಟ್ಟು ಅಂಟಿದೆ, ಅಂಚಿಗೆ ತುಕ್ಕು ಹತ್ತಿದೆ. ನನ್ನ ಅಮ್ಮನ ಕಾಲದಿಂದ ಎಣ್ಣೆ ಕುಡಿದು ಕನ್ನಡಿಯಂತೆ ಇದ್ದದ್ದು. ಅವಳು ನೋಡಿದರೆ ಎದ್ದು ಬಂದು ನನ್ನ ಕಿವಿ ಹಿಂಡಿಯಾಳು. ಡ್ವೇನ್ ಅದನ್ನು ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡ.

"ಇದನ್ನ ಯಾಕಮ್ಮ ಹೀಗೆ ಬಿಟ್ಟೆ? ಕೊಡು ಇಲ್ಲಿ."

"ಮುಟ್ಬೇಡ," ಅಂದೆ. "ಅದು ನಿನ್ನ ಪಾಲಿನದಲ್ಲ."

ಅವನಿಗೆ ಅರ್ಥವಾಯಿತು. ಕಾಫಿ ಕುಡಿದು ಹೋದ.

ನನ್ನದೂ ಒಂದು ಇದೆ, ಹೇಳಿಬಿಡುತ್ತೇನೆ. ಅವತ್ತು ಆ ಪ್ರೆಸ್ಕಾಟ್ ಏಪ್ರನ್ ಎಲ್ಲಿ ಸಿಗುತ್ತದೆ ಅಂದಾಗ ನಾನೂ ಬಾಯಿ ಬಿಡಬಹುದಿತ್ತು. "ಇದು ಇವಳ ಅಪ್ಪನದು" ಅಂತ ನಿನ್ನ ತಲೆಯ ಮೇಲೆ ಕೈ ಇಟ್ಟು ಹೇಳಬಹುದಿತ್ತು. ನಾನು "ಸಂತೆಯಲ್ಲಿ ಸಿಗುತ್ತೆ ಸರ್" ಅಂದೆ. ನಿನ್ನ ಮಾನ ಕಾಪಾಡುತ್ತಿದ್ದೇನೆ ಅಂದುಕೊಂಡೆ. ನಿನ್ನ ಅಪ್ಪನನ್ನು ಇಬ್ಬರೂ ಸೇರಿ ಮಾರಿಬಿಟ್ಟೆವು.

ಅಮ್ಮ

*

ವೆಲ್‌ಬೋರ್ನ್
ನವೆಂಬರ್ 19

ಅಮ್ಮ,

ಈಗಷ್ಟೇ ಸಮುದ್ರದ ಕಡೆಯಿಂದ ಬಂದೆ. ಈ ಋತುವಿನಲ್ಲಿ ನಮ್ಮ ವಾಲಿಬಾಲ್ ಹುಡುಗಿಯರು ಓದಿದ್ದೂ ಮಲಗಿದ್ದೂ ವಿಮಾನ ನಿಲ್ದಾಣದ ನೆಲದ ಮೇಲೆಯೇ. ಮೊನ್ನೆ ಅವರಲ್ಲಿ ಒಬ್ಬಳು, ನಮ್ಮ ಕಡೆಯ ರೈತರ ಮಗಳು, ನನ್ನನ್ನು ಕೇಳಿದಳು: "ಮೇಡಂ, ನಮ್ಮಪ್ಪ ಯಾವಾಗ್ಲೂ ಟಾಸ್ಕರಿನವರನ್ನ ಸೋಲ್ಸಿ ಬಾ ಅಂತಿದ್ರು. ಈಗ ನಾವು ಯಾರನ್ನ ಸೋಲಿಸ್ಬೇಕು ಅಂತ ಆಸೆಪಡ್ಬೇಕು?" ಅವಳಿಗೆ ಚಾಕೊಲೇಟ್ ಕೊಡಿಸಿದೆ.

ಮುಂದಿನ ಶನಿವಾರ ನಮ್ಮ ಫುಟ್‌ಬಾಲ್ ತಂಡ ಯಾವುದೋ ದೂರದ ಊರಿನಲ್ಲಿ ಆಡುತ್ತದೆ. ಅಲ್ಲಿಯವರಿಗೆ ನಾವು ಯಾರೆಂದು ಗೊತ್ತಿಲ್ಲ, ದ್ವೇಷ ಕೂಡ ಇಲ್ಲ. ನಾನು ಹೋಗುವುದಿಲ್ಲ ಅಂತ ಕುಲಪತಿಗಳಿಗೆ ಹೇಳಿದ್ದೇನೆ. ಅವರಿಗೆ ಇಷ್ಟವಾಗಲಿಲ್ಲ. ಕೆಲಸ ಬಿಡುವ ಧೈರ್ಯ ನನಗಿಲ್ಲ ಅಮ್ಮ, ಅದನ್ನೂ ಹೇಳಿಬಿಡುತ್ತೇನೆ. ಸೋಮವಾರ ಮತ್ತೆ ಅದೇ ಕುರ್ಚಿಯಲ್ಲಿ ಕೂರುತ್ತೇನೆ.

ಆಟ ಇಲ್ಲದಿದ್ದರೂ ಟಾಸ್ಕರಿನವರು ಆ ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಒಟ್ಟಿಗೆ ತಿಂಡಿ ತಿನ್ನುತ್ತೀರಿ, ನದಿಯ ಈ ಕಡೆಯಿಂದ ಕೆಲವರು ಬರುತ್ತಾರೆ ಅಂತ ಡ್ವೇನ್ ಹೇಳಿದರು. ನಾನು ಬರಬಹುದೇ? ತಿನ್ನಲಿಕ್ಕಲ್ಲ. ಹೋದ ವರ್ಷ ಗೆದ್ದದ್ದು ನಾವು. ಗ್ಯಾರೇಜಿನಲ್ಲಿ ನನ್ನ ಪಾಲಿನ ಕೆಲಸ ಬಾಕಿ ಇದೆ.

ಯಾರಿಗೂ ಕಾಣದ ಹಾಗೆ ಅಡುಗೆಮನೆಯ ಕಡೆಯಿಂದ ಬಂದು, ತೊಳೆದು ಹೋಗಿಬಿಡುತ್ತೇನೆ. ಲೊರೇನ್ ಅಲ್ಲಿರುತ್ತಾರೆ, ಬೆವರ್ಲಿ ಇರುತ್ತಾಳೆ. ಅವರ ಮುಖ ನೋಡಲು ನನಗೆ ಆಗುವುದಿಲ್ಲ.

ಮಾರ್ಲಾ

*

ಟಾಸ್ಕರ್ ಫಾಲ್ಸ್
ನವೆಂಬರ್ 23

ಮಗಳೇ,

ಬಾ. ಸೋಪು ತರಬೇಡ, ಕಬ್ಬಿಣಕ್ಕೆ ಸೋಪು ಹಾಕಬಾರದು. ಕಲ್ಲುಪ್ಪು ತಾ, ಹಳೆಯ ಬಟ್ಟೆ ತಾ, ತೋಳು ಮಡಚಲು ಬರುವಂಥ ಅಂಗಿ ಹಾಕಿಕೊಂಡು ಬಾ. ತುಕ್ಕು ಬಲವಾಗಿ ಹಿಡಿದಿದೆ, ಒಂದೆರಡು ಗಂಟೆ ಉಜ್ಜಬೇಕಾದೀತು. ಕಾವಲಿಯನ್ನು ಚರ್ಚಿಗೇ ತಂದಿಡುತ್ತೇನೆ.

ಆದರೆ ಅಡುಗೆಮನೆಯ ಕಡೆಯಿಂದ ನುಸುಳಿ ಬರುವುದು ಬೇಡ. ಮುಂದಿನ ಬಾಗಿಲಿನಿಂದ ಬಾ. ಎಲ್ಲರೂ ಕೂತಿರುವಾಗ, ಮೇಜುಗಳ ನಡುವಿನಿಂದ, ಲೊರೇನ್‌ಳ ಎದುರಿನಿಂದಲೇ ನಡೆದು ಬಾ. ಜನ ನೋಡುತ್ತಾರೆ. ನೋಡಲಿ. ಕೆಲವರು ಮಾತಾಡಿಸುವುದಿಲ್ಲ, ಅದಕ್ಕೂ ಸಿದ್ಧಳಾಗಿಯೇ ಬಾ. ನಾನು ಅಪ್ಪನ ಏಪ್ರನ್ ಕಟ್ಟಿಕೊಂಡು ಒಲೆಯ ಹತ್ತಿರ ನಿಂತಿರುತ್ತೇನೆ.

ಅಲ್ಲೂ ಒಬ್ಬಿಬ್ಬರು ಹೊಸಬರು ಇರುತ್ತಾರೆ. ಯಾರದು ಅಂತ ಯಾರಾದರೂ ಕೇಳಿದರೆ ನಾನು ಹೇಳುತ್ತೇನೆ, "ನನ್ನ ಮಗಳು. ಪಾತ್ರೆ ತೊಳೆಯೋಕೆ ಬಂದಿದ್ದಾಳೆ," ಅಂತ.

ನಿನ್ನ ಅಮ್ಮ,
ಆರ್ಡಿತ್